ಆಟ ಬಿಟ್ಟ ಮೇಲೆ ಉಳಿದ ಹೊತ್ತು

(ಶೇಡಬಾಳದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಮೊಬೈಲಿನ ಆಟ ಕೆಟ್ಟದ್ದು, ಅದನ್ನು ಬಿಡಿರಿ ಎಂದು ಉಪದೇಶ ಮಾಡುವದಕ್ಕೆ ನಾವು ಇಂದು ನಿಮ್ಮ ಮುಂದೆ ನಿಂತಿಲ್ಲ. ಆ ಉಪದೇಶ ನಿಮ್ಮ ನಿಮ್ಮ ಮನೆಗಳಲ್ಲಿ ದಿನಾಲು ಆಗುತ್ತಿದೆ. ಆಟ ಬಿಟ್ಟವರೂ ನಿಮ್ಮಲ್ಲಿ ಅನೇಕರಿದ್ದೀರಿ. ಬಿಟ್ಟ ಮೇಲೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವದಿಲ್ಲ. ಪಾಳಿ ಮುಗಿಸಿ ಬಂದವನು ಉಂಡು ಕಟ್ಟೆಯ ಮೇಲೆ ಕೂತರೆ ಕೈ ತಾನಾಗಿಯೇ ಕಿಸೆಗೆ ಹೋಗುತ್ತದೆ. ಎಂಟು ದಿನ ಹೇಗೋ ತಡೆಯುತ್ತಾನೆ. ಒಂಬತ್ತನೆಯ ದಿನ ಅದೇ ಆಟ ತಿರುಗಿ ಬರುತ್ತದೆ, ಇಲ್ಲವೆ ಅದಕ್ಕಿಂತ ಕೆಟ್ಟ ಚಟ ಬಂದು ಕೂಡುತ್ತದೆ. ಬೀಳುಬಿಟ್ಟ ಹೊಲದಲ್ಲಿ ಕರಿಕೆ ಹಬ್ಬುವದನ್ನು ಕೃಷ್ಣೆಯ ದಂಡೆಯ ಜನರಾದ ನಿಮಗೆ ಹೇಳಿಕೊಡಬೇಕಾದ್ದಿಲ್ಲ.

2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಮೊಬೈಲು ಆಟಗಳನ್ನು ನಿಷೇಧಿಸುವ ಕಾಯದೆ ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ರಮ್ಮಿಯನ್ನೂ, ಕ್ರಿಕೆಟ್ ತಂಡ ಕಟ್ಟಿ ಪಣ ಒಡ್ಡುವ ಆಟವನ್ನೂ ನಡೆಸುತ್ತಿದ್ದ ದೊಡ್ಡ ಕಂಪನಿಗಳು ಆ ವಾರದಲ್ಲಿಯೇ ಹಣದ ಬಾಗಿಲು ಮುಚ್ಚಿದವು. ಈ ಆಟಗಳಿಂದ 45 ಕೋಟಿ ಜನರಿಗೆ ಬಾಧೆಯಾಗಿದೆ, 20,000 ಕೋಟಿ ರೂಪಾಯಿಗಿಂತ ಹೆಚ್ಚು ಹಣ ಹೋಗಿದೆ ಎಂದು ಅಂದಾಜು ಕೊಟ್ಟದ್ದು ಸ್ವತಃ ಸರಕಾರವೇ. ಹೀಗೆ ಹಣದ ಸೋರಿಕೆಗೆ ಒಂದು ಬಿರಡೆ ಬಿತ್ತು. ಆದರೆ ಹಣ ಕೇಳದ ಆಟಗಳಿಗೆ ಈ ಕಾಯದೆಯ ತಡೆಯಿಲ್ಲ. ಬಂದೂಕು ಹಿಡಿದು ಓಡುವ ಆಟವಿದೆ, ಬಣ್ಣದ ಮಿಠಾಯಿ ಹೊಂದಿಸುವ ಆಟವಿದೆ. ಅವು ಪುಕ್ಕಟೆ ಎನ್ನುತ್ತಾರೆ. ಅವಕ್ಕೆ ನಾವು ಕೊಡುವ ಬೆಲೆ ನಮ್ಮ ಹೊತ್ತು.

ಆ ಹೊತ್ತನ್ನು ಅಂಗಡಿಕಾರನ ಹಾಗೆ ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡು ತಾಸು ಆಡಿದರೆ ವರ್ಷಕ್ಕೆ 730 ತಾಸು. ಎಂಟು ತಾಸಿನ ಪಾಳಿಯಂತೆ ಭಾಗಿಸಿದರೆ 91 ಪಾಳಿ. ಅಂದರೆ ಮೂರು ತಿಂಗಳು ಪೂರಾ, ಪಗಾರವಿಲ್ಲದೆ, ಕಾಣದ ಧಣಿಯೊಬ್ಬನ ಮನೆಯಲ್ಲಿ ದುಡಿದಂತಾಯಿತು. ಆಟ ಬಿಟ್ಟವನಿಗೆ ಈ ಮೂರು ತಿಂಗಳು ತಿರುಗಿ ಕೈಗೆ ಬಂದಿವೆ.

ಈ ಹೊತ್ತು ಕೆಲಸಗಾರನ ಪಾಲಿಗೆ ಆಕಾಶದಿಂದ ಉದುರಿದ್ದಲ್ಲ. ಒಂದೂವರೆ ಶತಮಾನದ ಹಿಂದೆ ಮುಂಬಯಿಯ ಗಿರಣಿಗಳಲ್ಲಿ ವಾರದ ರಜೆ ಎಂಬುದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕೆಲಸಗಾರರ ಸಂಘ ಕಟ್ಟಿ, ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ರವಿವಾರದ ಸೂಟಿ ದೊರಕಿತು. ದಿನದ ದುಡಿತವಂತೂ ಅಂಗುಲ ಅಂಗುಲವಾಗಿ ಇಳಿಯಿತು. 1911ರ ಕಾಯದೆಯಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ತಾಸು, 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54, ಡಾ. ಅಂಬೇಡ್ಕರರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಕಾಲದ ಪ್ರಯತ್ನದಿಂದ 1946ರಲ್ಲಿ 48. ಹೊರದೇಶಗಳಲ್ಲಿಯೂ ಇದೇ ಕಥೆ. ದಿನವನ್ನು ಮೂರು ಪಾಲು ಮಾಡಿ ಒಂದು ದುಡಿತಕ್ಕೆ, ಒಂದು ನಿದ್ದೆಗೆ, ಒಂದು ತನಗೆ ಎಂದು ಕೆಲಸಗಾರ ಕೇಳಿದ್ದಕ್ಕೆ 1886ರಲ್ಲಿ ಶಿಕಾಗೋ ನಗರದಲ್ಲಿ ರಕ್ತ ಹರಿಯಿತು. ಹಿಂದಿನವರು ಹೀಗೆ ಗಳಿಸಿಟ್ಟ ಆ ಮೂರನೆಯ ಪಾಲನ್ನು ನಾವು ಒಂದು ಅಂಗೈ ಅಗಲದ ಗಾಜಿಗೆ ಸುರಿಯುತ್ತಿದ್ದೆವು.

ಇದರಲ್ಲಿ ಇನ್ನೊಂದು ಅಪಾಯವಿದೆ. ದಿನಕ್ಕೆ 12 ತಾಸಿನವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಮಾಡಿತು. ವಾರದ 48 ತಾಸು ಮೀರಕೂಡದು ಎಂಬ ಕಟ್ಟು ಮಾತ್ರ ಉಳಿಯಿತು. ಅಂಥ ಮಾತು ಬಂದಾಗ, “ಬಿಡುವು ಕೊಟ್ಟರೆ ಇವರು ಮಾಡುವದೇನು, ಮೊಬೈಲು ತಿಕ್ಕುವದು ತಾನೆ?” ಎಂದು ಧಣಿ ಕೇಳಿದರೆ ಉತ್ತರ ನಮ್ಮಲ್ಲಿರಬೇಕು. ತನ್ನ ಬಿಡುವಿನ ಬೆಲೆ ತಾನೇ ಅರಿಯದವನು ಅದಕ್ಕಾಗಿ ಹೋರಾಡುವದು ಕಠಿಣ.

ಹಾಗಾದರೆ ಆಟವೇ ಪಾಪವೆ? ಅಲ್ಲ. ಶಾಲೆಯಲ್ಲಿ ಕಲಿಸುತ್ತಿದ್ದ ವರ್ಷಗಳಲ್ಲಿ ನಾವು ಕಂಡದ್ದೇನೆಂದರೆ, ಆಡದ ಹುಡುಗ ಕಲಿಯುವದೂ ಕಡಿಮೆ. ದೋಷವಿರುವದು ಮೊಬೈಲಿನ ಆಟದ ಕಟ್ಟೋಣದಲ್ಲಿ. ಕಬಡ್ಡಿಗೆ 20 ನಿಮಿಷದ ಎರಡು ಸರದಿ. ಸೀಟಿ ಊದಿದರೆ ಗೆದ್ದವನೂ ಸೋತವನೂ ಮೈಯ ಮಣ್ಣು ಝಾಡಿಸಿ ಮನೆಗೆ ಹೋಗುತ್ತಾರೆ. ಮೊಬೈಲಿನ ಆಟಕ್ಕೆ ಸೀಟಿಯೇ ಇಲ್ಲ. ಒಂದು ಮೆಟ್ಟಲು ಮುಗಿದರೆ ಇನ್ನೊಂದು. ಇಂದು ಬಾರದಿದ್ದರೆ ಇಷ್ಟು ದಿನದ ಬಹುಮಾನದ ಸರಪಳಿ ಕಡಿಯಿತು ಎಂಬ ಹೆದರಿಕೆ ಬೇರೆ. ಆಡುವವನು ಎದ್ದು ಹೋಗದಂತೆ ಮಾಡುವದಕ್ಕೆಂದೇ ಕಲಿತ ಜನರು ಪಗಾರ ತೆಗೆದುಕೊಂಡು ಕೂತಿದ್ದಾರೆ. ಆದಕಾರಣ ಬಿಡಲಾಗದೆ ಒದ್ದಾಡುವವನನ್ನು ಹೇಡಿ, ಸೋಮಾರಿ ಎಂದು ಹೀಯಾಳಿಸುವದು ನ್ಯಾಯವಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಆ ಆಟ ನಮಗೆ ಏನು ಕೊಡುತ್ತಿತ್ತು? ಒಂದು, ನಿನ್ನೆ ಬಾರದ್ದು ಇಂದು ಬಂತು ಎಂಬ ಏಳಿಗೆಯ ಹಿಗ್ಗು. ಎರಡು, ಜೊತೆಗಾರರು, ಅವರು ಎಲ್ಲಿಯೋ ಇರಲಿ, ಇವನಿಗಾಗಿ ಕಾಯುತ್ತಿದ್ದರು. ಮೂರು, ಕಣ್ಣ ಮುಂದೆ ಒಂದು ಗುರಿ. ಗಿರಣಿಯಲ್ಲಿ ಹತ್ತು ವರ್ಷ ಅದೇ ಯಂತ್ರದ ಮುಂದೆ ನಿಂತವನಿಗೆ ಈ ಮೂರೂ ಕೆಲಸದಲ್ಲಿ ಸಿಗುವದು ಅಪರೂಪ. ಅವನು ಆಟಕ್ಕೆ ಹೋದದ್ದು ಸಹಜವೇ. ಈಗ ಅದರ ಜಾಗದಲ್ಲಿ ತರುವ ಕೆಲಸವೂ ಈ ಮೂರನ್ನು ಕೊಡಬೇಕು. ಟೀವಿ ಮುಂದೆ ಬೀಳುವದು, ಅದೇ ಮೊಬೈಲಿನಲ್ಲಿ ತುಂಡು ಚಿತ್ರಗಳನ್ನು ಸರಿಸುತ್ತ ಕೂಡುವದು ಈ ಮೂರರಲ್ಲಿ ಒಂದನ್ನೂ ಕೊಡುವದಿಲ್ಲ. ಆದ್ದರಿಂದಲೇ ಅವುಗಳಿಂದ ಬೇಸರ ಹೋಗುವದಿಲ್ಲ.

ಈ ಮೂರನ್ನೂ ಕೊಡುವ ಸಂಗತಿಗಳು ನಮ್ಮ ಸೀಮೆಯಲ್ಲಿ ಎಂದೂ ಇದ್ದವು. ಮೊದಲನೆಯದು ತಾಲೀಮು. ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದ ಕಾಲದಿಂದ ಈ ಗಡಿನಾಡಿನ ಹಳ್ಳಿಗಳಿಗೆ ಕೆಂಪು ಮಣ್ಣಿನ ಹುಚ್ಚು ಹತ್ತಿದೆ. ಎಲ್ಲರೂ ಪೈಲವಾನರಾಗಬೇಕೆಂದಿಲ್ಲ. ನಾಲ್ಕು ಬೈಠಕ್, ನಾಲ್ಕು ದಂಡ, ಇಲ್ಲವೆ ಸಂಜೆ ಒಂದು ತಾಸು ಖೋ-ಖೋ ಸಾಕು. ಮೊಬೈಲಿಗೆ ಬಾಗಿದ ಕುತ್ತಿಗೆ ನೆಟ್ಟಗಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ.

ಎರಡನೆಯದು ಹಾಡು-ವಾದ್ಯ. ಕೃಷ್ಣ ಪಾರಿಜಾತದ ಬಯಲಾಟವನ್ನು ಮನೆಮಾತು ಮಾಡಿದ ಕುಲಗೋಡ ತಮ್ಮಣ್ಣನವರೂ, ಅದರ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನವರೂ ನಮ್ಮ ಬೆಳಗಾವಿ ಜಿಲ್ಲೆಯವರೇ. ಕರಡಿ ಮಜಲು, ಡೊಳ್ಳು, ಭಜನೆಯ ತಾಳ ಇವುಗಳನ್ನು ದೊಡ್ಡ ಶಾಲೆಗೆ ಹೋಗಿ ಕಲಿಯಬೇಕಾಗಿಲ್ಲ. ಬಲ್ಲ ಹಿರಿಯರು ಓಣಿಗೆ ಒಬ್ಬರಾದರೂ ಸಿಗುತ್ತಾರೆ. ಅವರ ಹತ್ತಿರ ಹೋಗಿ ಕೂಡುವವರು ಬೇಕಾಗಿದ್ದಾರೆ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಸಕ್ಕರೆ ಕಾರಖಾನೆಯ ಹಂಗಾಮಿ ಆಳುಗಳಿಗೆ ತಿಂಗಳುಗಟ್ಟಲೆ ಕೆಲಸವಿರುವದಿಲ್ಲ. ಅವರಿಗೆ ಬಿಡುವಿಗಿಂತ ಮೊದಲು ಕೆಲಸ ಬೇಕು, ಅದನ್ನು ನಾವು ಬಲ್ಲೆವು, ಅದರ ಹೋರಾಟ ಬೇರೆ ನಡೆಯತಕ್ಕದ್ದು. ಆದರೆ ಆ ಖಾಲಿ ದಿನಗಳಲ್ಲಿ ಒಂದು ವಾದ್ಯವಾಗಲಿ, ಹೊಲಿಗೆಯಾಗಲಿ, ಪಂಪಸೆಟ್ಟಿನ ದುರಸ್ತಿಯಾಗಲಿ ಕಲಿತವನು ಮುಂದಿನ ಹಂಗಾಮಿನ ಹೊತ್ತಿಗೆ ಮೊದಲಿನ ಮನುಷ್ಯನಾಗಿರುವದಿಲ್ಲ.

ಮೂರನೆಯದು ಓದು. ಶೇಡಬಾಳವು ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಊರು. ಜೈನ ಬಂಧುಗಳಲ್ಲಿ ಸ್ವಾಧ್ಯಾಯದ ಪದ್ಧತಿ ಇದೆ: ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ, ತಿಳಿಯದ್ದನ್ನು ವಿಚಾರಿಸುತ್ತಾರೆ. ಲಿಂಗಾಯತ ಮಠಗಳಲ್ಲಿ ಶ್ರಾವಣದ ಪುರಾಣವೂ ಇದೇ ಬಗೆಯದು. ಅಕ್ಷರ ಬಾರದವನೂ ಇದರಲ್ಲಿ ಓದುಗನೇ. ಅದೇ ರೀತಿಯಲ್ಲಿ ಐದು-ಆರು ಜನ ಕೂಡಿ ವಾರಕ್ಕೆರಡು ಸಂಜೆ ಒಂದು ಕಾದಂಬರಿಯನ್ನು, ವೃತ್ತಪತ್ರವನ್ನು, ಕೆಲಸಗಾರರ ಕಾಯದೆಯ ಪುಸ್ತಕವನ್ನು ಗಟ್ಟಿಯಾಗಿ ಓದಬಾರದೇಕೆ? ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ನಾವು ಕೊಡುತ್ತೇವೆ. 1965ರ ಗ್ರಂಥಾಲಯ ಕಾಯದೆಯಿಂದ ಬಂದ ಪದ್ಧತಿ ಇದು. ಕರ ಕೊಟ್ಟವನು ಪುಸ್ತಕ ಕೇಳುವದು ಹಕ್ಕು. ಪಾಳಿಯವರು ಹೋಗಬಹುದಾದ ಹೊತ್ತಿನಲ್ಲಿ, ರಾತ್ರಿಯೂ ವಾಚನಾಲಯ ತೆರೆದಿರಲಿ, ಆಡಲು ಬಯಲು ಇರಲಿ ಎಂದು ಪಟ್ಟಣ ಪಂಚಾಯತಿಯನ್ನು ಕೇಳಬೇಕು. ಒಬ್ಬೊಬ್ಬರಾಗಿ ಹೋದರೆ ನಾಳೆ ಬಾ ಎನ್ನುತ್ತಾರೆ. ಐವತ್ತು ಜನ ಸಹಿ ಮಾಡಿ ಹೋದರೆ ಅರ್ಜಿಗೆ ನಂಬರು ಬೀಳುತ್ತದೆ.

ವ್ಯಾಪಾರಸ್ಥ ಮಿತ್ರರ ಸಂಗತಿ ಬೇರೆ. ಕಿರಾಣಿ ಅಂಗಡಿಯವರಿಗೆ ಎರಡು ತಾಸು ಒಟ್ಟಿಗೆ ಸಿಗುವದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕೂತು, ಗಿರಾಕಿ ಗಿರಾಕಿಯ ನಡುವೆ ಹತ್ತು ನಿಮಿಷದ ಚೂರುಗಳು. ಮೊಬೈಲಿನ ಆಟ ಆ ಚೂರಿಗೆ ಸರಿಯಾಗಿ ಹೊಂದುತ್ತದೆ. ಅದಕ್ಕೇ ಅದು ಅಂಗಡಿಗಳನ್ನು ಹಿಡಿಯಿತು. ಚೂರು ಹೊತ್ತಿಗೆ ಚೂರು ಕೆಲಸವೇ ಬೇಕು. ಕೈಗೆ ಎಟಕುವಲ್ಲಿ ಪುಸ್ತಕವೊಂದಿರಲಿ, ಎರಡು ಪುಟ ಓದಿ ಮಡಚಿಡಬಹುದು. ಬಾಜುವಿನ ಅಂಗಡಿಯವರೊಡನೆ ಚದುರಂಗದ ಮಣೆ ಹಾಸಿರಿ. ಒಂದು ನಡೆ ಈಗ, ಇನ್ನೊಂದು ನಡೆ ಗಿರಾಕಿ ಹೋದ ಮೇಲೆ, ಆಟ ಸಂಜೆಗೆ ಮುಗಿದರೂ ಯಾರದೂ ತಕರಾರಿಲ್ಲ. ಉದ್ರಿಯ ವಹಿಯನ್ನು ಅಂದಂದೇ ಬರೆದಿಟ್ಟರೆ ರಾತ್ರಿ ಅರ್ಧ ತಾಸು ಮನೆಗೆ ಉಳಿಯುತ್ತದೆ.

ಮನೆ ಎಂದಾಗ ಇನ್ನೊಂದು ಮಾತು ಹೇಳಲೇಬೇಕು. ಬಿಡುವು ಎಲ್ಲರಿಗೂ ಸಮನಾಗಿ ಹಂಚಿಲ್ಲ. ಗಂಡ ಆಡಿಕೊಂಡು ಕೂತ ಎರಡು ತಾಸು ಹೆಂಡತಿ ಪಾತ್ರೆ ತಿಕ್ಕುತ್ತಿದ್ದಳು, ನೀರು ತುಂಬುತ್ತಿದ್ದಳು, ಮಕ್ಕಳ ಕೂಡ ಹೆಣಗುತ್ತಿದ್ದಳು. ಅವಳಿಗೆ ಎಂಟು ತಾಸಿನ ಕಾಯದೆ ಯಾರೂ ಮಾಡಿಲ್ಲ. ತಿರುಗಿ ಬಂದ ಎರಡು ತಾಸಿನಲ್ಲಿ ಅರ್ಧ ತಾಸು ಅವಳ ಕೆಲಸಕ್ಕೆ ಕೈ ಹಚ್ಚಿದರೆ ಅವಳಿಗೂ ಅಷ್ಟು ಬಿಡುವಾದೀತು. ಅವಳೂ ಓದಲಿ, ಹಾಡಲಿ, ನೆರೆಮನೆಯವರೊಡನೆ ಕೂತು ಮಾತಾಡಲಿ. ತಂದೆಯ ಕೈಯಲ್ಲಿ ಮೊಬೈಲು ಇರುವವರೆಗೆ ಮಗನಿಗೆ ಹೇಳಿದ ಬುದ್ಧಿ ಗಾಳಿಗೆ ಹೋಗುತ್ತದೆ. ತಂದೆ ಮಗನನ್ನು ಕೂಡಿಸಿಕೊಂಡು ಹುಲಿಮನೆ ಆಟದ ಗೆರೆ ಕೊರೆಯಲಿ. ಆಗ ಬುದ್ಧಿ ಹೇಳುವ ಕೆಲಸವೇ ಉಳಿಯುವದಿಲ್ಲ.

ಮೊದಲಿನ ಎರಡು-ಮೂರು ವಾರ ಹಗುರವಲ್ಲ. ಸಿಟ್ಟು ಬರುತ್ತದೆ, ಕೈ ಚಡಪಡಿಸುತ್ತದೆ, ಹೊಸ ಕೆಲಸ ಸಪ್ಪೆ ಎನಿಸುತ್ತದೆ. ತಬಲದ ಮೇಲೆ ಬಡಿದ ಮೊದಲ ದಿನ ಯಾರಿಗೂ ಬಹುಮಾನ ಬರುವದಿಲ್ಲ. ಆದ್ದರಿಂದ ಜನ್ಮಪೂರ್ತಿ ಬಿಟ್ಟೆನೆಂದು ದೊಡ್ಡ ಆಣೆ ಮಾಡಬೇಡಿರಿ. ನಮ್ಮಲ್ಲಿ ಚಾತುರ್ಮಾಸದಲ್ಲಿ ಕಾಲಮಿತಿಯ ನಿಯಮ ಹಿಡಿಯುತ್ತಾರಲ್ಲ, ಅದರಂತೆ ನಾಲ್ಕು ತಿಂಗಳಿಗೆ ನಿಯಮ ಮಾಡಿಕೊಳ್ಳಿರಿ. ಅದನ್ನು ಇಬ್ಬರು ಗೆಳೆಯರಿಗೆ ತಿಳಿಸಿರಿ. ಹೊಸ ಕೆಲಸಕ್ಕೆ ಹೊತ್ತು ಗೊತ್ತುಮಾಡಿರಿ. ಮನಸ್ಸಾದಾಗ ಮಾಡುತ್ತೇನೆ ಎಂದವನಿಗೆ ಮನಸ್ಸಾಗುವದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಹೋಗಿರಿ. ಕಡಿದು ಬೀಳುವ ಸರಪಳಿ ಇಲ್ಲಿಲ್ಲ.

ಇಷ್ಟಾದರೂ ಬಿಡಲಾಗದವರು, ಆಟಕ್ಕಾಗಿ ಕೆಲಸ ತಪ್ಪಿಸುವವರು, ಸಾಲ ಮಾಡಿದವರು ಇದ್ದಾರೆ. ಇದು ರೋಗವೂ ಆಗಬಲ್ಲದು. ಜಾಗತಿಕ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದು, ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸದಲ್ಲಿ ಇದಕ್ಕೆಂದೇ 2014ರಲ್ಲಿ ಚಿಕಿತ್ಸಾ ವಿಭಾಗ ತೆರೆದರು. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನು ಮಾಡಿದರೆ ಸರಕಾರದ ಟೆಲಿ-ಮಾನಸ್ ಸಲಹೆಗಾರರು ಪುಕ್ಕಟೆಯಾಗಿ ಮಾತಾಡುತ್ತಾರೆ. ಜ್ವರ ಬಂದಾಗ ದವಾಖಾನೆಗೆ ಹೋಗುವವರು ಇದಕ್ಕೆ ನಾಚಬೇಕಾದ್ದಿಲ್ಲ.

ಮಿತ್ರರೇ, ಇಂದಿನ ಕೂಟದಿಂದ ನಾಲ್ಕು ಕೆಲಸ ಹೊರಬರಲಿ. ತಾಲೀಮಿಗೆ ಬರುವವರು ಒಂದು ಕಡೆ ಹೆಸರು ಕೊಡಿರಿ, ಭಜನೆ-ವಾದ್ಯದವರು ಇನ್ನೊಂದು ಕಡೆ, ಓದಿನ ಕೂಟದವರು ಮತ್ತೊಂದು ಕಡೆ. ವಾಚನಾಲಯದ ಅರ್ಜಿಗೆ ಎಲ್ಲರೂ ಸಹಿ ಮಾಡಿರಿ. ಓದಿನ ಕೂಟ ಬರುವ ಬುಧವಾರ ಎರಡನೆಯ ಪಾಳಿ ಇಲ್ಲದವರಿಗೆ ಸಂಜೆ ಏಳಕ್ಕೆ, ಇದ್ದವರಿಗೆ ಗುರುವಾರ ಮುಂಜಾನೆ ಹತ್ತಕ್ಕೆ. ಅಕ್ಕ-ತಂಗಿಯರು ತಮಗೆ ಅನುಕೂಲವಾದ ಹೊತ್ತನ್ನು ತಾವೇ ಗೊತ್ತುಮಾಡಿ ತಿಳಿಸಬೇಕು. ಆ ಹೊತ್ತಿಗೆ ಮಕ್ಕಳನ್ನು ಗಂಡಸರು ನೋಡಿಕೊಳ್ಳತಕ್ಕದ್ದು. ಹಾಳೆ, ಪೆನ್ನು ಇಲ್ಲಿ ಮೇಜಿನ ಮೇಲೆ ಇವೆ. ಹೆಸರು ಬರೆಯಿಸಿಯೇ ಮನೆಗೆ ಹೋಗಬೇಕೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.