ಕೆರೆಯ ಕೆಸರಿನಲ್ಲಿ ಉಳಿದ ಪರಾಗ: ನೆಲದ ಹಳೆಯ ಕಡತ

(ತೊಗರ್ಸಿಯಲ್ಲಿ ರೈತರನ್ನೂ ಕೃಷಿ ವಿಸ್ತರಣಾ ಕಾರ್ಯಕರ್ತರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಪಾಠ)

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ನಾಡು. ತೊಗರ್ಸಿಯ ಸುತ್ತಮುತ್ತ ಕೆರೆಯಿಲ್ಲದ ಊರು ಅಪರೂಪ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದೊಡನೆ ಗೋಡು ಹೊಡೆಯುವ ಕೆಲಸ ಪ್ರಾರಂಭವಾಗುತ್ತದೆ. ಹಿಂದೆ ಈ ಕೆಲಸ ಗುದ್ದಲಿ, ಬುಟ್ಟಿ, ಎತ್ತಿನ ಗಾಡಿಗಳಿಂದ ನಡೆಯುತ್ತಿತ್ತು. ಮೇಲಿನ ಒಂದು ಮೊಳದಷ್ಟು ಗೋಡು ತೆಗೆಯುವುದರೊಳಗೆ ಮುಂಗಾರು ಬಂದುಬಿಡುತ್ತಿತ್ತು. ಈಗ ಜೆ.ಸಿ.ಬಿ. ಯಂತ್ರವೂ ಟಿಪ್ಪರ್ ಲಾರಿಯೂ ಬಂದಿವೆ. ಹಲವು ಬೇಸಿಗೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಇದರಿಂದ ಅನುಕೂಲವಿದೆ. ಆದರೆ ಯಂತ್ರಕ್ಕೆ ಗೋಡು ಯಾವುದು, ಅದರ ಕೆಳಗಿರುವ ಹಳೆಯ ಜೇಡಿಯ ಪದರ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಆ ಹಳೆಯ ಪದರದಲ್ಲಿ ಏನಿದೆ, ಅದನ್ನು ಏಕೆ ಉಳಿಸಿಕೊಳ್ಳಬೇಕು ಎಂಬುದೇ ಇಂದಿನ ವಿಷಯ.

ಹಿಂದಿನ ಕಾಲದಲ್ಲಿ ಶಾನುಭೋಗರು ಲೆಕ್ಕ ಬರೆಯುತ್ತಿದ್ದ ಕಡತವನ್ನು ಹಿರಿಯರು ನೋಡಿರಬಹುದು. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಯಾವ ವರ್ಷ ಯಾವ ಹೊಲದಲ್ಲಿ ಏನು ಬೆಳೆಯಿತು ಎಂಬುದನ್ನು ಮಡಿಕೆ ಬಿಡಿಸಿ ನೋಡಬಹುದಾಗಿತ್ತು. ಕೆರೆಯ ತಳವೂ ಅಂಥದೇ ಒಂದು ಕಡತ. ಅದರಲ್ಲಿರುವ ಅಕ್ಷರಗಳು ಮಾತ್ರ ಬರಿಗಣ್ಣಿಗೆ ಕಾಣುವುದಿಲ್ಲ.

ಪರಾಗವೆಂಬ ಅಕ್ಷರ

ಮೆಕ್ಕೆಜೋಳದ ಸೂಲಂಗಿ ಬಿಚ್ಚಿದಾಗ ಗಿಡ ಅಲುಗಿಸಿದರೆ ಹಳದಿ ಪುಡಿ ಉದುರುವುದನ್ನು ಪ್ರತಿಯೊಬ್ಬ ರೈತನೂ ನೋಡಿದ್ದಾನೆ. ಅದೇ ಪರಾಗ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಬಹುಪಾಲು ಸಸ್ಯಗಳ ಪರಾಗಕಣ 10ರಿಂದ 100 ಮೈಕ್ರಾನ್ ಗಾತ್ರದ್ದು. ಜರೀಗಿಡ, ಹಾವಸೆ, ಅಣಬೆ, ಬೂಷ್ಟುಗಳು ಹೂ ಬಿಡುವುದಿಲ್ಲ. ಅವು ಇಂಥದೇ ಸಣ್ಣ ಬೀಜಾಣುಗಳನ್ನು ಚೆಲ್ಲುತ್ತವೆ.

ಪರಾಗಕಣದ ಒಳಗಿನ ಜೀವ ಬೇಗ ಸಾಯುತ್ತದೆ. ಆದರೆ ಅದರ ಹೊರಕವಚ ಸ್ಪೋರೋಪೊಲೆನಿನ್ ಎಂಬ ಅತಿ ಗಟ್ಟಿಯಾದ ವಸ್ತುವಿನಿಂದ ಆಗಿದೆ. ಅದು ಆಮ್ಲಕ್ಕೆ ಕರಗುವುದಿಲ್ಲ. ಗಾಳಿಯಾಡದ ಕೆಸರಿನಲ್ಲಿ ಸಾವಿರಾರು, ಲಕ್ಷಾಂತರ ವರ್ಷ ಹಾಗೆಯೇ ಉಳಿಯುತ್ತದೆ. ಕವಚದ ಮೇಲಿನ ರಂಧ್ರ, ಗೆರೆ, ಮುಳ್ಳು, ಬಲೆಯಂಥ ಚಿತ್ತಾರಗಳು ಜಾತಿಯಿಂದ ಜಾತಿಗೆ ಬೇರೆ. ದಾಸವಾಳ, ಹತ್ತಿಗಳ ಪರಾಗಕ್ಕೆ ಮೈತುಂಬ ಮುಳ್ಳು. ನೇರಳೆ ಮತ್ತು ನೀಲಗಿರಿಯದು ಮುಮ್ಮೂಲೆ. ಮಲೆನಾಡಿನ ನೆಡುತೋಪುಗಳಲ್ಲಿರುವ ಅಕೇಶಿಯಾ ಮರದ ಪರಾಗ 16 ಕಣಗಳ ಒಂದು ಗೊಂಚಲು. ಹೀಗೆ ಕಣವನ್ನು ನೋಡಿ ಗಿಡವನ್ನು ಗುರುತಿಸುವ ಶಾಸ್ತ್ರಕ್ಕೆ ಪರಾಗಶಾಸ್ತ್ರ ಅಥವಾ ಪ್ಯಾಲಿನಾಲಜಿ ಎಂದು ಹೆಸರು.

ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್ ಎಂಬ ವಿಜ್ಞಾನಿ 1916ರಲ್ಲಿ, ಜೌಗುನೆಲದ ಪದರಗಳಲ್ಲಿ ಸಿಕ್ಕ ಪರಾಗವನ್ನು ಎಣಿಸಿ ಕಾಡಿನ ಚರಿತ್ರೆಯನ್ನು ಬರೆಯಬಹುದೆಂದು ಒಂದು ಉಪನ್ಯಾಸದಲ್ಲಿ ತೋರಿಸಿಕೊಟ್ಟನು. ಭಾರತದಲ್ಲಿ ಈ ಕೆಲಸಕ್ಕೆ ನೆಲೆ ಒದಗಿಸಿದವರು ಪ್ರೊಫೆಸರ್ ಬೀರಬಲ್ ಸಾಹ್ನಿ. ಅವರು 1946ರಲ್ಲಿ ಲಖನೌದಲ್ಲಿ ಪುರಾಸಸ್ಯ ವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕಟ್ಟಡಕ್ಕೆ 1949ರ ಏಪ್ರಿಲ್ 3ರಂದು ಪಂಡಿತ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ಒಂದೇ ವಾರದಲ್ಲಿ, ಏಪ್ರಿಲ್ 10ರಂದು, ಸಾಹ್ನಿಯವರು ತೀರಿಕೊಂಡರು. ಆ ಸಂಸ್ಥೆ ಅವರ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ದಕ್ಷಿಣದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಪಶ್ಚಿಮ ಘಟ್ಟದ ಗಿಡಮರಗಳ ಪರಾಗವನ್ನು ಸಂಗ್ರಹಿಸಿ ಅಧ್ಯಯನ ಮಾಡಿದೆ.

ಕೆಸರನ್ನು ಓದುವ ಬಗೆ

ಮಳೆಗಾಲದಲ್ಲಿ ನೀರಿನೊಂದಿಗೂ ಬೇಸಿಗೆಯಲ್ಲಿ ಗಾಳಿಯೊಂದಿಗೂ ಬಂದ ಪರಾಗ ಕೆರೆಯ ತಳ ಸೇರುತ್ತದೆ. ಮರುವರ್ಷದ ಹೂಳು ಅದರ ಮೇಲೆ ಕೂರುತ್ತದೆ. ವಿಜ್ಞಾನಿಗಳು ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ, ಪದರ ಕದಡದಂತೆ ಮಣ್ಣಿನ ಕಂಬವನ್ನು ಎತ್ತುತ್ತಾರೆ. ಕೆಲವು ಸೆಂಟಿಮೀಟರಿಗೊಂದು ಚೂರನ್ನು ತೆಗೆದು, ಸುಣ್ಣ, ಮರಳು, ಕೊಳೆತ ಕಸಗಳನ್ನು ಬೇರೆ ಬೇರೆ ರಾಸಾಯನಿಕಗಳಿಂದ ಕರಗಿಸುತ್ತಾರೆ. ಉಳಿದ ಪರಾಗವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೂರುಗಟ್ಟಲೆ ಕಣಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಪದರದ ವಯಸ್ಸನ್ನು ಅದರಲ್ಲಿರುವ ಇಂಗಾಲ-14ರ ಪ್ರಮಾಣದಿಂದ ಕಂಡುಹಿಡಿಯುತ್ತಾರೆ.

ಕೆಲವು ಗಿಡಗಳು ತಾವೇ ತಾರೀಖನ್ನು ಹೇಳುತ್ತವೆ. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸನ 1492ರ ಯಾನದ ನಂತರ ಅದು ಹಳೆಯ ಜಗತ್ತಿಗೆ ಹರಡಿತು. ಅದರ ಪರಾಗ ಹುಲ್ಲಿನ ಜಾತಿಯಲ್ಲೆಲ್ಲ ಬಹಳ ದೊಡ್ಡದು, 80ರಿಂದ 100 ಮೈಕ್ರಾನ್. ಆದ್ದರಿಂದ ಅದು ಸಿಕ್ಕ ಪದರ ಕಳೆದ ಕೆಲವು ಶತಮಾನಗಳಿಗೆ ಸೇರಿದ್ದೆಂದು ಹೇಳಬಹುದು. ಗಾಳಿಮರವನ್ನು ಕಾರವಾರದ ಕರಾವಳಿಯಲ್ಲಿ 1868ರ ಸುಮಾರಿಗೆ ನೆಡಲಾಯಿತು. ಅದರ ಪರಾಗವೂ ಇಂಥದೇ ಗುರುತು.

ಪರಾಗವೊಂದೇ ಅಲ್ಲ. ಬೆಂಕಿ ಬಿದ್ದ ವರ್ಷಗಳ ಇದ್ದಿಲ ಕಣ ಕೆಸರಿನಲ್ಲಿ ಇರುತ್ತದೆ. ಸಗಣಿಯ ಮೇಲೆ ಬೆಳೆಯುವ ಕೆಲವು ಬೂಷ್ಟುಗಳ ಬೀಜಾಣು ಹೆಚ್ಚಿದ್ದರೆ ದನಕರು ಮೇಯುತ್ತಿದ್ದವೆಂದು ತಿಳಿಯಬಹುದು. ಡಯಾಟಮ್ ಎಂಬ ಗಾಜಿನಂಥ ಚಿಪ್ಪಿನ ಪಾಚಿ ನೀರು ಸಿಹಿಯೋ ಉಪ್ಪೋ, ತಿಳಿಯೋ ಕೊಳಕೋ ಎಂಬುದನ್ನು ತೋರಿಸುತ್ತದೆ.

ಈ ಓದಿಗೆ ಮಿತಿಯೂ ಉಂಟು. ಹುಲ್ಲು ಗಾಳಿಗೆ ಹೇರಳವಾಗಿ ಪರಾಗ ಚೆಲ್ಲುತ್ತದೆ. ಜೇನು, ದುಂಬಿಗಳನ್ನು ನಂಬಿದ ಮರ ಸ್ವಲ್ಪವೇ ಚೆಲ್ಲುತ್ತದೆ. ಕೆಸರಿನಲ್ಲಿ ಕಡಿಮೆ ಸಿಕ್ಕಿತೆಂದರೆ ಕಾಡಿನಲ್ಲಿ ಕಡಿಮೆ ಇತ್ತೆಂದು ತಿಳಿಯಬಾರದು. ಭತ್ತದ ಪರಾಗವನ್ನು ಕಾಡುಹುಲ್ಲಿನ ಪರಾಗದಿಂದ ಬೇರ್ಪಡಿಸುವುದು ಕಷ್ಟ. ಇಲ್ಲಿ ಬೇರೊಂದು ಸಾಕ್ಷಿ ನೆರವಿಗೆ ಬರುತ್ತದೆ. ಭತ್ತದ ಗರಿ ಕೈ ಕೊಯ್ಯುವುದು ಅದರಲ್ಲಿರುವ ಸಿಲಿಕಾದಿಂದ. ಆ ಸಿಲಿಕಾ ಕಣಗಳು ಎಲೆ ಕೊಳೆತ ಮೇಲೂ ಮಣ್ಣಿನಲ್ಲಿ ಉಳಿಯುತ್ತವೆ; ಅವುಗಳ ಆಕಾರದಿಂದ ಭತ್ತವನ್ನು ಗುರುತಿಸಬಹುದು.

ಕಾರವಾರದ ಕಡಲು ಹೇಳಿದ ಸಂಗತಿ

ಕರ್ನಾಟಕದ ಮಟ್ಟಿಗೆ ಅತಿ ಮುಖ್ಯವಾದ ಸಾಕ್ಷಿ ದೊರೆತದ್ದು ಕಾರವಾರದ ಎದುರಿನ ಸಮುದ್ರತಳದಲ್ಲಿ. ಕಾಳಿ ನದಿ ಘಟ್ಟದ ಮಣ್ಣನ್ನೂ ಪರಾಗವನ್ನೂ ಹೊತ್ತು ಅಲ್ಲಿ ಸಮುದ್ರ ಸೇರುತ್ತದೆ. ಕ್ಲೋದ್ ಕರತಿನಿ ಮತ್ತು ಅವರ ಸಂಗಡಿಗರು ಅಲ್ಲಿಂದ ತೆಗೆದ ಕೆಸರಿನ ಕಂಬಗಳನ್ನು ಪರೀಕ್ಷಿಸಿ 1991 ಮತ್ತು 1994ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಇಂದಿಗೆ ಸುಮಾರು 3500 ವರ್ಷಗಳ ಹಿಂದಿನ ಪದರದಲ್ಲಿ ದೊಡ್ಡ ಬದಲಾವಣೆ ಕಂಡಿತು. ದಟ್ಟ ಕಾಡಿನ ಮರಗಳ ಪರಾಗವೂ ಕಾಂಡ್ಲಾ ಗಿಡಗಳ ಪರಾಗವೂ ಕಡಿಮೆಯಾದವು. ಹುಲ್ಲುಗಾವಲಿನ ಸಸ್ಯಗಳ ಪರಾಗ ಹೆಚ್ಚಿತು.

ಕಾರಣವೇನು? ಮಳೆ ಕಡಿಮೆಯಾಗಿ ಹವೆ ಒಣಗಿತು ಎಂಬುದು ಆ ವಿಜ್ಞಾನಿಗಳ ಅಭಿಪ್ರಾಯ. ಉತ್ತರ ಕನ್ನಡದ ಕಾಡುಗಳನ್ನು ಬಹುಕಾಲ ಅಧ್ಯಯನ ಮಾಡಿದ ಎಂ. ಡಿ. ಸುಭಾಷ್ ಚಂದ್ರನ್ ಅವರು, ಕಾಡು ಸುಟ್ಟು ಬಿತ್ತುವ ಕುಮರಿ ಬೇಸಾಯದ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ವಾದಿಸಿದ್ದಾರೆ. ಆ ಕಾಲಕ್ಕೆ ತುಂಗಭದ್ರೆಯ ಬಯಲಿನಲ್ಲಿ ಬೇಸಾಯಗಾರರು ನೆಲೆಸಿದ್ದರೆಂಬುದು ಖಚಿತ. ತೊಗರ್ಸಿಯ ಪೂರ್ವಕ್ಕೆ, ಹಾವೇರಿ ಜಿಲ್ಲೆಯಲ್ಲಿರುವ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ವಸತಿ ಬೆಳಕಿಗೆ ಬಂದಿತು. ಇಂಥ ನೆಲೆಗಳಲ್ಲಿ ಸುಟ್ಟು ಕರಿಯಾದ ಹುರುಳಿ, ಹೆಸರು, ಕಿರುಧಾನ್ಯಗಳ ಕಾಳುಗಳು ಸಿಕ್ಕಿವೆ. ಹುರುಳಿ ಬಿತ್ತುವ ರೈತ ಮೂರು ಸಾವಿರ ವರ್ಷಕ್ಕೂ ಹಳೆಯ ಬೆಳೆಯನ್ನೇ ಬಿತ್ತುತ್ತಿದ್ದಾನೆ.

ಕಾರಣ ಮಳೆಯಾಗಿರಲಿ, ಕೊಡಲಿಯಾಗಿರಲಿ, ರೈತರು ತಿಳಿಯಬೇಕಾದ ಸಂಗತಿ ಒಂದೇ. ಹಿಂದಕ್ಕೆ ಸರಿದ ಕಾಡು ಹಳೆಯ ಮಟ್ಟಕ್ಕೆ ಮರಳಿ ಬರಲಿಲ್ಲ. ಸೊರಬ ಸೀಮೆಯ ಕಾನುಗಳ ಬೆಲೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾಳುಮೆಣಸು, ಬೈನೆ ಮುಂತಾದವನ್ನು ಕೊಡುತ್ತ, ದೇವರ ಹೆಸರಿನಲ್ಲಿ ಉಳಿದುಬಂದ ಈ ನಿತ್ಯಹಸುರಿನ ತುಂಡುಗಳ ಬಗ್ಗೆ 1868ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸರ್ಕಾರಕ್ಕೆ ವರದಿ ಬರೆದಿದ್ದರು. ಅಂಥ ಕಾನನ್ನು ಕಡಿದು ಶುಂಠಿ ಹಾಕಿದರೆ ಲಾಭ ಒಂದೆರಡು ವರ್ಷದ್ದು. ಕಾನು ಮತ್ತೆ ಬರಲು ಮೊಮ್ಮಕ್ಕಳ ಕಾಲವೂ ಸಾಲದು.

ಕಲ್ಲು ಹೇಳದ್ದನ್ನು ಕೆಸರು ಹೇಳುತ್ತದೆ

ಶಿಕಾರಿಪುರ ತಾಲ್ಲೂಕಿನದೇ ಆದ ತಾಳಗುಂದದ ಸ್ತಂಭಶಾಸನ ಪ್ರಸಿದ್ಧವಾದದ್ದು. ಸುಮಾರು 5ನೆಯ ಶತಮಾನದ ಆ ಶಾಸನವನ್ನು ಕುಬ್ಜ ಎಂಬ ಕವಿ ರಚಿಸಿದನು. ಕದಂಬರ ಕಾಕುಸ್ಥವರ್ಮನು ಅಲ್ಲಿ ದೊಡ್ಡ ಕೆರೆಯನ್ನು ಕಟ್ಟಿಸಿದನೆಂದು ಅದರಲ್ಲಿ ಹೇಳಿದೆ. ಈ ಸೀಮೆಯಲ್ಲಿ ಕೆರೆ ಕಟ್ಟುವ ಕೆಲಸಕ್ಕೆ ಸಾವಿರದ ಐನೂರು ವರ್ಷಗಳ ದಾಖಲೆಯಿದೆ ಎಂದಾಯಿತು. ಆದರೆ ಆ ಕೆರೆಯ ಕೆಳಗೆ ಏನು ಬೆಳೆಯುತ್ತಿದ್ದರು, ಮೇಲಿನ ಗುಡ್ಡದಲ್ಲಿ ಯಾವ ಮರವಿತ್ತು, ಯಾವ ಕಾಲದಲ್ಲಿ ಕೆರೆ ಬತ್ತಿತು ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಕೆಸರು.

ಇದು ಬರಿಯ ಕಲ್ಪನೆಯಲ್ಲ. ಹಂಪಿಯ ಬಳಿ ವಿಜಯನಗರ ಕಾಲದ ಕಮಲಾಪುರ ಕೆರೆಯ ಕೆಸರನ್ನು ಅಮೆರಿಕದ ಪುರಾತತ್ತ್ವಜ್ಞೆ ಕ್ಯಾಥ್ಲೀನ್ ಮಾರಿಸನ್ ಅವರು ಪರೀಕ್ಷಿಸಿದರು. ಅದರ ಪರಾಗ ಮತ್ತು ಇದ್ದಿಲ ಕಣಗಳ ನೆರವಿನಿಂದ ಆ ಪ್ರದೇಶದ ಸುಮಾರು 600 ವರ್ಷಗಳ ಬೇಸಾಯದ ಮತ್ತು ಬೆಂಕಿಯ ಚರಿತ್ರೆಯನ್ನು 1990ರ ದಶಕದಲ್ಲಿ ಬರೆದರು. ರೈತರ ಕೆರೆಯೊಂದು ಗ್ರಂಥವಾದದ್ದಕ್ಕೆ ಇದು ಒಳ್ಳೆಯ ಉದಾಹರಣೆ.

ಗೋಡು ತೆಗೆಯುವಾಗ ಗಮನಿಸಬೇಕಾದ ಅಂಶಗಳು

ಹಾಗಾದರೆ ಗೋಡು ತೆಗೆಯಬಾರದೇ? ಖಂಡಿತ ತೆಗೆಯಬೇಕು. ಕೆರೆ ತುಂಬುವುದಕ್ಕೂ ಹೊಲ ಫಲವತ್ತಾಗುವುದಕ್ಕೂ ಅದು ಅಗತ್ಯ. ಕ್ರಮವರಿತು ತೆಗೆದರೆ ನೀರೂ ಉಳಿಯುತ್ತದೆ, ಕಡತವೂ ಉಳಿಯುತ್ತದೆ.

1. ಮೊದಲು ಕೆರೆಯಂಗಳದಲ್ಲಿ ಎರಡು ಮೂರು ಕಡೆ ಸಣ್ಣ ಗುಂಡಿ ತೆಗೆದು ಪದರಗಳನ್ನು ನೋಡಬೇಕು. ಮೇಲಿನ ಮೆತ್ತನೆಯ ಗೋಡಿನ ಕೆಳಗೆ ಬಿಗಿಯಾದ ಅಂಟುಜೇಡಿ ಕಂಡೊಡನೆ ಅಗೆತವನ್ನು ನಿಲ್ಲಿಸಬೇಕು. ಆ ಜೇಡಿಯೇ ಕೆರೆಯ ತಳದ ಗಿಲಾವು. ಅದನ್ನು ಒಡೆದರೆ ಕೆಳಗಿನ ಜಂಬಿಟ್ಟಿಗೆಯಲ್ಲಿ ನೀರು ಇಂಗಿ ಕೆರೆ ಬೇಗ ಬತ್ತುತ್ತದೆ.

2. ಏರಿಯ ಬುಡದಲ್ಲಿ ಆಳವಾಗಿ ಅಗೆಯಬಾರದು. ಏರಿ ಜಾರುವ ಅಪಾಯವಿದೆ. ಸಾಮಾನ್ಯವಾಗಿ ಕೆರೆಯ ಅತಿ ಆಳದ ಜಾಗ ಏರಿಯ ಹತ್ತಿರವೇ ಇರುತ್ತದೆ. ಕಡು ಬೇಸಿಗೆಯಲ್ಲೂ ಪೂರ್ತಿ ಒಣಗದ ಅಂಥ ಕಡೆಯಲ್ಲೇ ಪರಾಗ ಚೆನ್ನಾಗಿ ಉಳಿಯುತ್ತದೆ. ಪ್ರತಿವರ್ಷ ಒಣಗಿ ಬಿರಿಯುವ ಅಂಚಿನ ಮಣ್ಣಿನಲ್ಲಿ ಅದು ನಾಶವಾಗುತ್ತದೆ. ತೂಬಿನ ಬಾಯಿಗೆ ಅಡ್ಡವಾದ ಹೂಳನ್ನು ಮಾತ್ರ ಕೈಯಿಂದ ತೆಗೆಯಬೇಕು.

3. ಅಂಗಳವನ್ನೆಲ್ಲ ಒಂದೇ ಸಲಕ್ಕೆ ಅಗೆಯದೆ, ಒಂದು ಪಟ್ಟಿಯನ್ನು ಮುಟ್ಟದೆ ಬಿಡಬೇಕು. ಮುಂದೆ ವಿಜ್ಞಾನಿಗಳು ಬಂದಾಗ ಕೊಳವೆ ಇಳಿಸಲು ಅಷ್ಟು ಸಾಕು.

4. ಗೋಡನ್ನು ಹೊಲಕ್ಕೆ ಹೊಡೆಯುವ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬೇಕು. ಕೆಂಪು ಮತ್ತು ಮರಳು ಮಿಶ್ರಿತ ಹೊಲಗಳಿಗೆ ಇದರಿಂದ ಹೆಚ್ಚು ಪ್ರಯೋಜನ. ನೀರು ಬಸಿಯದ ಎರೆಹೊಲಕ್ಕೆ ಜಿಗುಟು ಗೋಡನ್ನು ಹಾಕಿದರೆ ತೊಂದರೆಯೇ ಹೆಚ್ಚು.

5. ಹಳೆಯ ಮಡಕೆ ಚೂರು, ಕಲ್ಲಿನ ಕೊಡಲಿ, ಬರಹವಿರುವ ಕಲ್ಲು ಸಿಕ್ಕರೆ ಅಗೆತ ನಿಲ್ಲಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

6. ಕೆರೆಗೆ ನೀರು ತರುವ ಹಳ್ಳದ ಮೇಲ್ಭಾಗದ ಕಾನು ಮತ್ತು ಸೊಪ್ಪಿನ ಬೆಟ್ಟವನ್ನು ಕಾಪಾಡಬೇಕು. ಅಲ್ಲಿ ಮರ ಹೋದರೆ ಕೆರೆಗೆ ಬರುವುದು ನೀರಿಗಿಂತ ಹೂಳೇ ಹೆಚ್ಚು.

ರೈತ ಬಾಂಧವರೇ, ಶಾನುಭೋಗರ ಕಡತವನ್ನು ಗೆದ್ದಲು ತಿಂದರೆ ಅದರ ನಕಲಾದರೂ ಎಲ್ಲಿಯಾದರೂ ಸಿಕ್ಕೀತು. ಕೆರೆಯ ತಳದ ಕಡತಕ್ಕೆ ನಕಲು ಇಲ್ಲ. ಈ ವರ್ಷದ ಭತ್ತ, ಅಡಿಕೆ, ಮೆಕ್ಕೆಜೋಳಗಳ ಪರಾಗವೂ ಬರುವ ಮಳೆಗಾಲದಲ್ಲಿ ಅದೇ ಕೆರೆಯ ತಳ ಸೇರಲಿದೆ. ಇಂದಿನ ಬೇಸಾಯದ ಲೆಕ್ಕವನ್ನು ಮುಂದಿನವರು ಅಲ್ಲಿಯೇ ಓದಬೇಕು. ಬರುವ ಬೇಸಿಗೆಯಲ್ಲಿ ಯಂತ್ರವನ್ನು ಕೆರೆಗೆ ಇಳಿಸುವ ಮೊದಲು ಊರಿನ ಹಿರಿಯರೂ ಕೆರೆ ಸಮಿತಿಯವರೂ ಕೂಡಿ, ಎಲ್ಲಿ, ಎಷ್ಟು ಆಳ ಎಂಬುದನ್ನು ನಿಶ್ಚಯಿಸಿಕೊಂಡರೆ ಅದೇ ಈ ಮಾತುಗಳ ಸಾರ್ಥಕತೆ.