ವಧು ಯಾರ ಸೊತ್ತು?



ಚಿತ್ರಕಥೆಯೆಂದರೆ ಮಕ್ಕಳ ಕಾಲಹರಣವೆಂಬ ಅಭಿಪ್ರಾಯ ಹಲವು ಮನೆಗಳಲ್ಲಿದೆ. ಆದರೆ ಇಂದು ನಾವು ಮಾತನಾಡಬಯಸುವುದು ಹೆತ್ತವರೇ ಓದಬೇಕಾದ ಒಂದು ಚಿತ್ರಕಥೆಯ ಕುರಿತು. ಜಪಾನಿನ ಕಾವೊರು ಮೊರಿ ಎಂಬ ಲೇಖಕಿ 2008ರಲ್ಲಿ ಆರಂಭಿಸಿದ ಈ ಧಾರಾವಾಹಿ ಇಂಗ್ಲಿಷಿನಲ್ಲಿ 'ಎ ಬ್ರೈಡ್ಸ್ ಸ್ಟೋರಿ' ಎಂಬ ಹೆಸರಿನಿಂದ ಪ್ರಕಟವಾಗಿದೆ. 2014ರಲ್ಲಿ ಇದಕ್ಕೆ ಜಪಾನಿನ ಮಾಂಗಾ ತೈಶೋ ಪ್ರಶಸ್ತಿ ದೊರೆಯಿತು. ಕಥೆಯ ಕಾಲ 19ನೇ ಶತಮಾನ; ಸ್ಥಳ ಕ್ಯಾಸ್ಪಿಯನ್ ಸಮುದ್ರದ ಆಸುಪಾಸಿನ ಮಧ್ಯ ಏಷ್ಯಾ. ರಶ್ಯನ್ ಸಾಮ್ರಾಜ್ಯವು ಆ ಮುಸ್ಲಿಮ್ ನಾಡುಗಳನ್ನು ಒಂದೊಂದಾಗಿ ನುಂಗತೊಡಗಿದ್ದ ಕಾಲವದು.

ಅಲೆಮಾರಿ ಹಲ್ಗಾಲ್ ಕುಲದ ಅಮೀರ್ ಎಂಬ ಇಪ್ಪತ್ತರ ಯುವತಿ, ಊರಿನಲ್ಲಿ ನೆಲೆಸಿದ ಎಯ್ಹೊನ್ ಕುಟುಂಬದ ಕಾರ್ಲುಕ್‌ನಿಗೆ ವಧುವಾಗಿ ಬರುತ್ತಾಳೆ. ವರನಿಗೆ ಕೇವಲ ಹನ್ನೆರಡು ವರ್ಷ! ಹಿರಿಯರು ನಿಶ್ಚಯಿಸಿದ ಈ ವಿವಾಹದಲ್ಲಿ ವಾತ್ಸಲ್ಯವು ಮೊದಲು ಮೂಡುತ್ತದೆ, ಪ್ರೇಮವು ನಿಧಾನವಾಗಿ ಹಿಂಬಾಲಿಸುತ್ತದೆ. ಕುದುರೆಯೇರಿ ಬಿಲ್ಲಿನಿಂದ ಮೊಲ ಬೇಟೆಯಾಡುವ ಸೊಸೆ, ಕಸೂತಿ ಹಾಕುವ ಮನೆಯ ಹೆಂಗಸರು, ಮರದ ಕೆತ್ತನೆಗಾರನ ಬಳಿ ಕೂತು ಬೆರಗಿನಿಂದ ನೋಡುವ ಬಾಲಕ - ಇವೆಲ್ಲವನ್ನೂ ಲೇಖಕಿ ಎಳೆ ಎಳೆಯಾಗಿ ಚಿತ್ರಿಸಿದ್ದಾರೆ. ಚಿತ್ರಗಳು ಎಷ್ಟು ಮನೋಹರವೆಂದರೆ, ಹನ್ನೆರಡರ ಹುಡುಗನಿಗೆ ಮದುವೆ ಮಾಡುವುದು ಸರಿಯೇ ಎಂಬ ಪ್ರಶ್ನೆಯೇ ಓದುಗನಿಗೆ ಮರೆತುಹೋಗುತ್ತದೆ. ಇದು ಕೃತಿಯ ದೌರ್ಬಲ್ಯವೆಂದೇ ನಮ್ಮ ಅಭಿಪ್ರಾಯ.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಹಲ್ಗಾಲ್ ಕುಲವು ಹುಲ್ಲುಗಾವಲಿನ ಆಸೆಗಾಗಿ ಬಲಿಷ್ಠ ನುಮಾಜಿ ಕುಲಕ್ಕೆ ಹೆಣ್ಣು ಕೊಟ್ಟಿತ್ತು. ಅಲ್ಲಿಗೆ ಹೋದ ಹೆಣ್ಣುಮಕ್ಕಳು ಬದುಕಿ ಉಳಿಯಲಿಲ್ಲ. ಈಗ ಇನ್ನೊಬ್ಬಳು ಬೇಕು! ಆದ್ದರಿಂದ ಮದುವೆಯಾಗಿ ಹೋದ ಅಮೀರ್‌ಳನ್ನೇ ಮರಳಿ ಕರೆತರಲು ಆಕೆಯ ಅಣ್ಣನನ್ನು ಕಳುಹಿಸಲಾಗುತ್ತದೆ. ಅವನ ಮುಂದೆ ಬಾಣ ಬಿಟ್ಟು ತಡೆಯುವವಳು ಕಾರ್ಲುಕ್‌ನ ಅಜ್ಜಿ ಬಲ್ಕಿರ್ಶ್. ಆಕೆಯೂ ಹಿಂದೊಮ್ಮೆ ಹಲ್ಗಾಲ್ ಕುಲದಿಂದಲೇ ಸೊಸೆಯಾಗಿ ಬಂದವಳು. ಹಿರಿಯರು ಕೂಡಿಸಿದ ಮದುವೆ ಒಂದು, ಹಿರಿಯರು ನಡೆಸಿದ ವ್ಯಾಪಾರ ಇನ್ನೊಂದು. ಎರಡೂ ಒಂದೇ ಮನೆಯ ಹೊಸ್ತಿಲಲ್ಲಿ ಎದುರಾಗುತ್ತವೆ.

ಆ ಹುಲ್ಲುಗಾವಲು ನಾಡುಗಳಲ್ಲಿ 'ಕಲೀಮ್' ಎಂಬ ವಧುದರ ರೂಢಿಯಲ್ಲಿತ್ತು. ವರನ ಕಡೆಯವರು ಜಾನುವಾರುಗಳನ್ನು ವಧುವಿನ ತಂದೆಗೆ ಕೊಡುತ್ತಿದ್ದರು. ಮಹ್ರ್ ವಧುವಿನ ಸ್ವಂತ ಹಕ್ಕು, ಕಲೀಮ್ ಆಕೆಯ ಮನೆಯವರ ಪಾಲು. ಈ ಅಂತರ ಸಣ್ಣದಲ್ಲ. ಬೆಲೆ ತೆತ್ತ ಕುಟುಂಬವು ವಿಧವೆಯನ್ನೂ ತನ್ನ ಸೊತ್ತೆಂದೇ ಭಾವಿಸಿ ಮೃತನ ಸಹೋದರನಿಗೆ ಕಟ್ಟುತ್ತಿತ್ತು. ಸ್ತ್ರೀಯರನ್ನು ಬಲಾತ್ಕಾರವಾಗಿ ವಾರಸಾಗಿ ಪಡೆಯುವುದನ್ನು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 19ನೇ ಸೂಕ್ತದಲ್ಲಿ ನಿಷೇಧಿಸಿದೆ. ಆದರೂ ಮುಸ್ಲಿಮ್ ಕುಲಗಳಲ್ಲಿ ಈ ರೂಢಿ ಶತಮಾನಗಳ ಕಾಲ ಉಳಿಯಿತು. 1920ರ ದಶಕದಲ್ಲಿ ಸೋವಿಯತ್ ಆಡಳಿತ ಕಲೀಮನ್ನು ನಿಷೇಧಿಸಿದರೂ ಅದು ಪೂರ್ತಿ ಅಳಿಯಲಿಲ್ಲ. ವರನೇ ಬೆಲೆ ಕಟ್ಟಿಸಿಕೊಳ್ಳುವ ನಾಡಿನವರಾದ ನಾವು ಅವರನ್ನು ನೋಡಿ ನಗುವಂತಿಲ್ಲ.

ಕೃತಿಯಲ್ಲಿ ತಲಾಸ್ ಎಂಬ ವಿಧವೆಯ ಪ್ರಸಂಗವಿದೆ. ಐವರು ಸಹೋದರರನ್ನು ಒಬ್ಬರ ನಂತರ ಒಬ್ಬರಂತೆ ವರಿಸಿ, ಐವರನ್ನೂ ಕಳೆದುಕೊಂಡು ಅತ್ತೆಯೊಂದಿಗೆ ಬದುಕುತ್ತಿದ್ದಾಳೆ. ಸ್ಮಿತ್ ಎಂಬ ಇಂಗ್ಲಿಷ್ ಪ್ರವಾಸಿಗನಲ್ಲಿ ಆಕೆಗೆ ಮನಸ್ಸಾಗುತ್ತದೆ. ಸೊಸೆಯ ದಾರಿ ಸುಗಮವಾಗಲೆಂದು ಆ ಮುದಿ ಅತ್ತೆ ತಾನೇ ಬಂಧುವೊಬ್ಬನನ್ನು ಮರುಮದುವೆಯಾಗುತ್ತಾಳೆ. ಮನೆಯ ಯಜಮಾನನಾದೊಡನೆ ಅವನು ಮಾಡಿದ ಮೊದಲ ಕೆಲಸವೆಂದರೆ ಸ್ಮಿತ್‌ನೊಂದಿಗಿನ ಸಂಬಂಧವನ್ನು ಮುರಿದದ್ದು. ಈಗ ಅವನೇ ತಂದೆಯ ಸ್ಥಾನದಲ್ಲಿದ್ದಾನಲ್ಲ! ತಲಾಸ್‌ಳನ್ನು ಒಂದು ಮಾತೂ ಕೇಳಲಿಲ್ಲ.