ಹೊರಗಿನವಳು ತೋರಿಸಿದ ಅಮೆರಿಕ

ಐಟಿಯಲ್ಲಿರುವ ನಮಗೆ ಅಮೆರಿಕ ಎಂದರೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಮತ್ತು ರಾತ್ರಿಯ ಕ್ಲೈಂಟ್ ಕಾಲ್. ಅಲ್ಲಿನ ಹಳ್ಳಿಗಾಡನ್ನು ನಾನು ಕಂಡದ್ದು ಬೀಜಿಂಗ್‌ನಲ್ಲಿ ಹುಟ್ಟಿದ ನಿರ್ದೇಶಕಿ ಕ್ಲೋಯಿ ಝಾವೋ ಅವರ ಚಿತ್ರಗಳಲ್ಲಿ.

ಹೊರಗಿನವರು ಒಂದು ನಾಡನ್ನು ಚಿತ್ರಿಸುವಾಗ ಒಂದೋ ಅದನ್ನು ಪೋಸ್ಟ್‌ಕಾರ್ಡ್‌ನಷ್ಟು ಚಂದ ಮಾಡುತ್ತಾರೆ, ಇಲ್ಲವೇ ‘ಅಯ್ಯೋ ಪಾಪ’ ಎನ್ನುತ್ತಾರೆ. ಝಾವೋ ಅಲ್ಲಿನ ಜನರನ್ನೇ ಕ್ಯಾಮೆರಾದ ಮುಂದೆ ತಂದರು. 2017ರ ‘ದಿ ರೈಡರ್’ನಲ್ಲಿ ತಲೆಗೆ ಪೆಟ್ಟಾಗಿ ಕುದುರೆ ಸವಾರಿ ಬಿಡಬೇಕಾದ ಯುವಕನ ಪಾತ್ರ ಮಾಡಿದ್ದು, ನಿಜವಾಗಿಯೂ ಅಂಥದೇ ಪೆಟ್ಟು ತಿಂದಿದ್ದ ದಕ್ಷಿಣ ಡಕೋಟಾದ ಬ್ರೇಡಿ ಜಾಂಡ್ರೋ. ಅವರ ತಂದೆ, ತಂಗಿ ಕೂಡ ನಟಿಸಿದ್ದಾರೆ.

2020ರ ‘ನೋಮ್ಯಾಡ್‌ಲ್ಯಾಂಡ್’ ಜೆಸ್ಸಿಕಾ ಬ್ರೂಡರ್ ಅವರ ಪುಸ್ತಕವನ್ನು ಆಧರಿಸಿದೆ. ನೆವಾಡಾದ ಎಂಪೈರ್ ಒಂದು ಜಿಪ್ಸಂ ಕಂಪನಿಯ ಊರು. 2011ರ ಜನವರಿ 31ರಂದು ಕಾರ್ಖಾನೆ ಮುಚ್ಚಿತು. ಜುಲೈ ಹೊತ್ತಿಗೆ ಊರಿನ ಅಂಚೆ ಪಿನ್‌ಕೋಡೇ ರದ್ದಾಯಿತು. ಮನೆಗಳೂ ಕಂಪನಿಯವೇ, ಕೆಲಸದ ಜೊತೆ ಸೂರೂ ಹೋಯಿತು. ಗಂಡನನ್ನೂ ಕಳೆದುಕೊಂಡ ಫರ್ನ್ ವ್ಯಾನನ್ನೇ ಮನೆ ಮಾಡಿಕೊಳ್ಳುತ್ತಾಳೆ. ಅಮೆಜಾನ್ ಗೋದಾಮು, ಕ್ಯಾಂಪ್‌ಗ್ರೌಂಡ್, ಬೀಟ್ ಕೊಯ್ಲು ಎಂದು ಸೀಸನ್‌ಗೊಂದು ಕೆಲಸ. ಯಾರಾದರೂ ಕನಿಕರ ತೋರಿದರೆ ಅವಳಿಗೆ ಇಷ್ಟವಾಗದು.

ಫರ್ನ್ ಪಾತ್ರ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಅವರದು. ಆದರೆ ಅವಳ ಗೆಳತಿ ಲಿಂಡಾ ಮೇ ನಿಜ ಬದುಕಿನ ಅಲೆಮಾರಿ, ತಾನಾಗಿಯೇ ನಟಿಸಿದ್ದಾರೆ. 12ನೇ ವಯಸ್ಸಿನಿಂದ ದುಡಿದು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ ಮೇಲೆ ತನಗೆ ಬರುವ ಸೋಷಿಯಲ್ ಸೆಕ್ಯುರಿಟಿ ಎಷ್ಟೆಂದು ನೋಡಿದರೆ ಕೇವಲ 550 ಡಾಲರ್ ಎಂದು ಅವರು ಹೇಳುತ್ತಾರೆ. ಅಳುವುದಿಲ್ಲ, ಹೇಳುತ್ತಾರೆ ಅಷ್ಟೇ. ಇಡೀ ಚಿತ್ರದ ತಿರುಳು ನನಗೆ ಆ ಮಾತಿನಲ್ಲಿ ಸಿಕ್ಕಿತು.

ಒಂದು ತಕರಾರೂ ಇದೆ. ಗೋದಾಮಿನ ಕೆಲಸ ವಯಸ್ಸಾದ ಮೈಯನ್ನು ಎಷ್ಟು ದಣಿಸುತ್ತದೆ ಎಂಬುದು ಪುಸ್ತಕದಲ್ಲಿ ವಿವರವಾಗಿದೆ. ಚಿತ್ರ ಅದನ್ನು ಮೆಲ್ಲಗೆ ದಾಟಿಬಿಡುತ್ತದೆ. ಆನ್‌ಲೈನ್ ಆರ್ಡರ್‌ಗಳಿಗೆ ಕೋಡ್ ಬರೆಯುವ ನಮ್ಮಂಥವರು ಅದನ್ನೂ ನೋಡಬೇಕಿತ್ತು.

2021ರಲ್ಲಿ ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶನ ಮತ್ತು ನಟಿಗಾಗಿ ಮೂರು ಆಸ್ಕರ್ ಬಂದವು. ನಿರ್ದೇಶನದ ಆಸ್ಕರ್ ಪಡೆದ ಎರಡನೇ ಮಹಿಳೆ ಝಾವೋ.

ಗೆಳತಿಯರೇ, ಚಿತ್ರ ನೋಡಿ. ನೋಡಿದ ಮೇಲೆ ಮನೆಯಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಮನೆ ಯಾರ ಹೆಸರಿನಲ್ಲಿದೆ? ಇಷ್ಟು ವರ್ಷ ದುಡಿದ ಅಮ್ಮನ ಹೆಸರಿನಲ್ಲಿ ಏನಿದೆ?